ಜಿಲ್ಲೆಗೆ ಕೊಟ್ಟ ಮಳೆ ವರದಿಯನ್ನು ನಮ್ಮೂರಿಗೆ ಹೊಂದಿಸಿ ಓದುವುದು ಹೇಗೆ?

ಮೂಡಿಗೆರೆಯಂಥ ಊರಿನಲ್ಲಿ ವಾರದ ಹವಾಮಾನ ತಿಳಿಯದೆ ಯಾವ ಕೆಲಸವೂ ನಡೆಯುವುದಿಲ್ಲ. ಕಣದಲ್ಲಿ ಕಾಫಿ ಹರವೋದಾ, ಅಡಿಕೆಗೆ ಔಷಧಿ ಹೊಡೆಸೋದಾ, ಮನೆ ಮುಂದೆ ಶಾಮಿಯಾನ ಹಾಕಿಸೋದಾ ಅಥವಾ ಕಲ್ಯಾಣ ಮಂಟಪವನ್ನೇ ಹಿಡಿಯೋದಾ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ನಾಳೆ ಹೋಗೋದಾ ನಾಡಿದ್ದು ಹೋಗೋದಾ, ಎಲ್ಲವನ್ನೂ ಮಳೆ ನೋಡಿಯೇ ತೀರ್ಮಾನಿಸಬೇಕು. ಆದರೆ ವರದಿ ಬರುವುದು ಜಿಲ್ಲೆಯ ಲೆಕ್ಕದಲ್ಲಿ. "ಚಿಕ್ಕಮಗಳೂರಿಗೆ ಆರೆಂಜ್ ಅಲರ್ಟ್" ಎಂದರೆ ಕೊಟ್ಟಿಗೆಹಾರಕ್ಕೂ ಅದೇ, ಕಡೂರಿಗೂ ಅದೇ. ಕೊಟ್ಟಿಗೆಹಾರದಲ್ಲಿ ಕೊಡೆ ಹಿಡಿದು ನಿಲ್ಲಲಾಗದಷ್ಟು ಗಾಳಿ ಮಳೆ ಇರುವ ದಿನವೇ ಕಡೂರಿನವರು ರಾಗಿ ಹೊಲಕ್ಕೆ ಒಂದು ಹದ ಮಳೆ ಬಂದರೆ ಸಾಕಿತ್ತು ಅಂತ ಆಕಾಶ ನೋಡುತ್ತಿರುತ್ತಾರೆ.

ಹಾಗಾಗಿ ವರದಿ ಕೇಳಿದರಷ್ಟೇ ಸಾಲದು. ಅದನ್ನು ನಮ್ಮೂರಿಗೆ, ನಮ್ಮ ಗುಡ್ಡಕ್ಕೆ ಹೊಂದಿಸಿಕೊಳ್ಳಬೇಕು. ಇದು ಕಷ್ಟದ ಕೆಲಸವಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ, ದಿನಾ ಬೆಳಿಗ್ಗೆ ಐದು ನಿಮಿಷ ಕೊಟ್ಟರೆ ಆಗುತ್ತದೆ. ನಾನು ಮೂಡಿಗೆರೆಯನ್ನು ಇಟ್ಟುಕೊಂಡು ಹೇಳುತ್ತಿದ್ದೇನೆ. ಸಕಲೇಶಪುರ, ಕೊಪ್ಪ, ಬೇಲೂರು, ಆಲೂರಿನವರು ತಮ್ಮೂರಿನ ಹೆಸರು ಹಾಕಿಕೊಂಡು ಓದಬಹುದು.

ಮೊದಲು: ಒಳನಾಡಿನ ಜೊತೆ ಕರಾವಳಿಯನ್ನೂ ಕೇಳಿ

ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡಿಕೊಂಡಿದೆ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಚಿಕ್ಕಮಗಳೂರು ಮತ್ತು ಹಾಸನ ಬರುವುದು ದಕ್ಷಿಣ ಒಳನಾಡಿನಲ್ಲಿ. ಅದೇ ಗುಂಪಿನಲ್ಲಿ ಕೋಲಾರ, ಬೆಂಗಳೂರು, ಚಾಮರಾಜನಗರವೂ ಇವೆ. "ದಕ್ಷಿಣ ಒಳನಾಡಿನಲ್ಲಿ ಕೆಲವು ಕಡೆ ಹಗುರ ಮಳೆ" ಅಂತ ರೇಡಿಯೋದಲ್ಲಿ ಬಂದರೆ ಅದು ಕೋಲಾರವನ್ನೂ ಸೇರಿಸಿ ಹೇಳಿದ ಮಾತು. ಅದನ್ನು ಕೇಳಿ ಬಾಳೂರಿನವರು ನಿಶ್ಚಿಂತರಾಗಿ ಕೂರುವ ಹಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಅಂಚಿನವರು ಉಡುಪಿ, ದಕ್ಷಿಣ ಕನ್ನಡದ ಮುನ್ಸೂಚನೆಯನ್ನೂ ನೋಡಲೇಬೇಕು. ಮುಂಗಾರು ಗಾಳಿ ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬಂದು ಪಶ್ಚಿಮ ಘಟ್ಟಕ್ಕೆ ತಾಗುತ್ತದೆ. ಬೆಟ್ಟ ಅಡ್ಡ ಇರುವುದರಿಂದ ಗಾಳಿ ಮೇಲೇರಲೇಬೇಕು. ಮೇಲೇರಿದ ಗಾಳಿ ತಣ್ಣಗಾಗಿ ಮಳೆ ಸುರಿಸುತ್ತದೆ. ಕರಾವಳಿಗೆ ಭಾರಿ ಮಳೆ ತರುವ ಗಾಳಿಯೇ ಕಳಸ, ಕೊಟ್ಟಿಗೆಹಾರ, ಶೃಂಗೇರಿ, ಸಕಲೇಶಪುರದ ಹೆತ್ತೂರು ಭಾಗಕ್ಕೂ ಸುರಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಬಂದಂತೆ ಗಾಳಿಯಲ್ಲಿ ನೀರು ಕಡಿಮೆಯಾಗುತ್ತಾ ಹೋಗುತ್ತದೆ. ಮೂಡಿಗೆರೆ ಪೇಟೆಗೆ ಬರುವಾಗಲೇ ಒಂದಿಷ್ಟು ಇಳಿದಿರುತ್ತದೆ. ಬೇಲೂರು, ಚಿಕ್ಕಮಗಳೂರು ಪೇಟೆ ಕಡೆ ಇನ್ನೂ ಕಡಿಮೆ. ಕಡೂರು, ಅರಸೀಕೆರೆ ಮಳೆ ನೆರಳಿನ ಸೀಮೆ.

ಈ ಓದಿಗೆ ಬೇಕಾಗಿರುವುದು ನಿಮ್ಮೂರು ಈ ಸಾಲಿನಲ್ಲಿ ಎಲ್ಲಿದೆ ಅನ್ನುವುದು. ಕಳಸದಿಂದ ಕಡೂರಿನವರೆಗೆ ಒಂದು ಗೆರೆ ಎಳೆದು ನಿಮ್ಮೂರನ್ನು ಅದರ ಮೇಲೆ ಗುರುತು ಮಾಡಿ. ಪಡುವಣ ತುದಿಗೆ ಹತ್ತಿರವಿದ್ದರೆ ಮುಂಗಾರಿನಲ್ಲಿ ಜಿಲ್ಲೆಗೆ ಹೇಳಿದ ಮಳೆಗಿಂತ ಜಾಸ್ತಿಯೇ ಎಂದು ಲೆಕ್ಕ ಹಾಕಿ. ಮೂಡಣ ತುದಿಗೆ ಹತ್ತಿರವಿದ್ದರೆ ಕಡಿಮೆ.

ಮಿಲಿಮೀಟರನ್ನು ಇಂಚಿಗೆ ತನ್ನಿ

ವರದಿಯಲ್ಲಿ ಬರುವ "ಭಾರಿ", "ಅತಿ ಭಾರಿ" ಎಂಬ ಮಾತುಗಳಿಗೆ ಅಳತೆ ಇದೆ. 24 ಗಂಟೆಯಲ್ಲಿ 15.6ರಿಂದ 64.4 ಮಿಲಿಮೀಟರ್ ಬಿದ್ದರೆ ಸಾಧಾರಣ ಮಳೆ. 64.5ರಿಂದ 115.5ರವರೆಗೆ ಭಾರಿ. 115.6ರಿಂದ 204.4ರವರೆಗೆ ಅತಿ ಭಾರಿ. 204.5 ದಾಟಿದರೆ ಅತ್ಯಂತ ಭಾರಿ.

ಇದು ಓದಲಿಕ್ಕೆ ಸರಿ, ಆದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಮ್ಮ ತೋಟದವರು ಮಳೆ ಅಳೆಯುವುದು ಇಂಚು ಮತ್ತು ಸೆಂಟ್ಸ್‌ನಲ್ಲಿ. ಬೆಳಿಗ್ಗೆ ಫೋನ್ ಮಾಡಿದರೆ ಮೊದಲ ಮಾತೇ "ನಿನ್ನೆ ನಿಮ್ಮಲ್ಲಿ ಎಷ್ಟಾಯ್ತು?" "ಎರಡು ನಲವತ್ತು." ಅಂದರೆ ಎರಡು ಇಂಚು, ನಲವತ್ತು ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಆ ಲೆಕ್ಕದಲ್ಲಿ ಎರಡು ನಲವತ್ತು ಎಂದರೆ ಸುಮಾರು 61 ಮಿಲಿಮೀಟರ್. ಇಲಾಖೆಯ ಭಾಷೆಯಲ್ಲಿ ಅದು ಇನ್ನೂ "ಸಾಧಾರಣ" ಮಳೆಯೇ.

ನೆನಪಿಗೆ ಹೀಗೆ ಇಟ್ಟುಕೊಳ್ಳಿ. ಎರಡೂವರೆ ಇಂಚು ದಾಟಿದರೆ ಭಾರಿ, ನಾಲ್ಕೂವರೆ ದಾಟಿದರೆ ಅತಿ ಭಾರಿ, ಎಂಟು ದಾಟಿದರೆ ಅತ್ಯಂತ ಭಾರಿ. ಇಷ್ಟು ಗೊತ್ತಿದ್ದರೆ "ಅತಿ ಭಾರಿ ಮಳೆ ಸಾಧ್ಯತೆ" ಎಂದಾಗ ನಿಮ್ಮ ಹಳ್ಳ ಎಷ್ಟಕ್ಕೆ ಉಕ್ಕುತ್ತದೆ, ಗದ್ದೆ ಬದು ಎಷ್ಟಕ್ಕೆ ಒಡೆಯುತ್ತದೆ ಅಂತ ನೀವೇ ಹೇಳಬಲ್ಲಿರಿ. ಅದನ್ನು ಬೆಂಗಳೂರಿನಲ್ಲಿ ಕೂತವರು ಹೇಳಲಾರರು.

"ಒಂದೆರಡು ಕಡೆ", "ಹಲವು ಕಡೆ"

ಈ ಮಾತುಗಳೂ ಸುಮ್ನೆ ಬಳಸಿದ್ದಲ್ಲ. ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆ ಬಂದರೆ ಒಂದೆರಡು ಕಡೆ. ಅರ್ಧದವರೆಗೆ ಬಂದರೆ ಕೆಲವು ಕಡೆ. ಮುಕ್ಕಾಲಿನವರೆಗೆ ಹಲವು ಕಡೆ. ಅದಕ್ಕೂ ಮೇಲಾದರೆ ಬಹುತೇಕ ಕಡೆ.

ಒಂದು ವಾಕ್ಯವನ್ನು ಬಿಡಿಸಿ ನೋಡೋಣ. "ಹಲವು ಕಡೆ ಸಾಧಾರಣ ಮಳೆ, ಒಂದೆರಡು ಕಡೆ ಭಾರಿ ಮಳೆ." ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಊರಿಗೆ ಮಳೆ ಇದೆ, ಕೆಲವೇ ಊರಿಗೆ ಎರಡೂವರೆ ಇಂಚಿಗಿಂತ ಜಾಸ್ತಿ ಬೀಳಬಹುದು ಎಂದು ಅರ್ಥ. ಜುಲೈ ತಿಂಗಳಾದರೆ ಆ ಕೆಲವೇ ಊರು ಯಾವುವು ಅಂತ ನಮಗೆ ಗೊತ್ತೇ ಇದೆ ಅಲ್ವಾ, ಘಟ್ಟದ ಅಂಚಿನವು. ಏಪ್ರಿಲ್ ಆದರೆ ಯಾವ ಊರು ಬೇಕಾದರೂ ಆಗಬಹುದು. ವಾಕ್ಯ ಅದೇ, ತಿಂಗಳು ಬದಲಾದರೆ ಅರ್ಥ ಬೇರೆ.

ಬೆಳಿಗ್ಗೆ ಎಂಟೂವರೆಯ ಲೆಕ್ಕ

ಇಲಾಖೆಯ ಮಳೆ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಮಂಗಳವಾರ ಬೆಳಿಗ್ಗೆ "ಕೊಟ್ಟಿಗೆಹಾರದಲ್ಲಿ 9 ಸೆಂಟಿಮೀಟರ್" ಎಂದು ಬಂದರೆ ಅದು ಸೋಮವಾರ 8.30ರಿಂದ ಮಂಗಳವಾರ 8.30ರವರೆಗೆ ಬಿದ್ದ ಮಳೆ. ಮುನ್ಸೂಚನೆಗೂ ಇದೇ ಲೆಕ್ಕ. ಬುಧವಾರದ ಮಳೆ ಎಂದಿದ್ದರೆ ಗುರುವಾರ ಬೆಳಗಿನ ಜಾವದ ಮಳೆಯೂ ಅದರಲ್ಲೇ ಸೇರಿದೆ. ಗುರುವಾರ ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿಯುವವರು ಬುಧವಾರದ ಬಣ್ಣವನ್ನೇ ನೋಡಬೇಕು.

ಬಣ್ಣ ಹೇಳುವುದು ಏನು

ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನ ಇಟ್ಟಿರಿ. ಆರೆಂಜ್ ಎಂದರೆ ಸಿದ್ಧವಾಗಿರಿ. ರೆಡ್ ಎಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ. ಬಣ್ಣ ಬರೀ ಮಳೆಯ ಪ್ರಮಾಣಕ್ಕೆ ಅಲ್ಲ, ಅದರಿಂದ ಆಗಬಹುದಾದ ತೊಂದರೆಗೂ ಸೇರಿಸಿ ಕೊಡುವಂಥದ್ದು. ಗುಡುಗು, ಸಿಡಿಲು, ಬಿರುಗಾಳಿಗೂ ಹಳದಿ ಬರುತ್ತದೆ. ಹಾಗಾಗಿ ಬಣ್ಣದ ಪಕ್ಕದಲ್ಲಿ ಯಾತಕ್ಕೆ ಎಂದು ಬರೆದಿರುವುದನ್ನು ಓದದೆ ಮುಂದೆ ಹೋಗಬೇಡಿ.

ಶಾಲೆಗೆ ರಜೆ ಎಂಬ ಮೆಸೇಜು ಬಣ್ಣದ ಹಿಂದೆಯೇ ಓಡಿ ಬರುತ್ತದೆ. ರಜೆ ಕೊಡುವುದು ಜಿಲ್ಲಾಡಳಿತ, ಹವಾಮಾನ ಇಲಾಖೆಯಲ್ಲ. ಎಷ್ಟೋ ಸಲ ರಜೆ ಇಡೀ ಜಿಲ್ಲೆಗೆ ಇರುವುದಿಲ್ಲ, ಮಲೆನಾಡಿನ ತಾಲ್ಲೂಕುಗಳಿಗೆ ಮಾತ್ರ ಇರುತ್ತದೆ. ವಾಟ್ಸಾಪಿನಲ್ಲಿ ಬಂದ ಆದೇಶದಲ್ಲಿ ತಾರೀಕು ಮತ್ತು ತಾಲ್ಲೂಕಿನ ಹೆಸರು ಎರಡನ್ನೂ ನೋಡಿಯೇ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಿ.

ಫೋನಿನಲ್ಲಿ ಏನಿರಬೇಕು

ಹವಾಮಾನ ಇಲಾಖೆಯ "ಮೌಸಮ್", ರೈತರಿಗೆ "ಮೇಘದೂತ್", ಸಿಡಿಲಿಗೆ "ದಾಮಿನಿ". ಈ ಮೂರು ಸಾಕು. ಮೇಘದೂತ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಸಲಹೆ ಹೊಸದಾಗಿ ಬರುತ್ತದೆ, ಮುಂದಿನ ಐದು ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿಯ ಜೊತೆಗೆ. ಇವುಗಳ ಜೊತೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವಿವರ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಅವರ ಮಳೆಮಾಪನ ಯಂತ್ರಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ನಿಮ್ಮೂರಿಗೆ ಇದಕ್ಕಿಂತ ಹತ್ತಿರದ ಲೆಕ್ಕ ಬೇರೆಲ್ಲೂ ಸಿಗುವುದಿಲ್ಲ. ಬಣಕಲ್‌ನಲ್ಲಿ ಎಷ್ಟು ಬಿತ್ತು, ಗೋಣಿಬೀಡಿನಲ್ಲಿ ಎಷ್ಟು ಬಿತ್ತು ಅಂತ ಬೇರೆ ಬೇರೆಯಾಗಿ ನೋಡಬಹುದು.

ಫೋನಿನ ಜೊತೆಗೇ ಬರುವ ಹವಾಮಾನ ಚಿತ್ರ, ಅಂದರೆ ಮೋಡ, ಹನಿ, ಪಕ್ಕದಲ್ಲಿ 60% ಎಂದಿರುತ್ತದಲ್ಲ, ಅದನ್ನು ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. 60% ಎಂದರೆ ಮಳೆ ಬರುವ ಸಂಭವ ನೂರಕ್ಕೆ ಅರವತ್ತು ಅಂತ ಅಷ್ಟೇ. ಎಷ್ಟು ಮಳೆ, ಎಷ್ಟು ಹೊತ್ತು ಎಂಬುದು ಅದರಲ್ಲಿಲ್ಲ. ಇನ್ನೊಂದು, ಇವು ನಡೆಯುವುದು ಕಂಪ್ಯೂಟರ್ ಮಾದರಿಯ ಮೇಲೆ. ಮಾದರಿ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡಿರುತ್ತದೆ. ಯುರೋಪಿನ ಹೆಸರಾಂತ ಮಾದರಿಯ ಚೌಕ ಸುಮಾರು 9 ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ಶುರುವಾದ ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನದು 6 ಕಿಲೋಮೀಟರ್. ಬಯಲು ಸೀಮೆಗೆ ಇದು ಸಾಕಾಗಬಹುದು. ನಮ್ಮಲ್ಲಿ ಆರು ಕಿಲೋಮೀಟರ್ ಒಳಗೆ ಒಂದು ಗುಡ್ಡ, ಒಂದು ಕಣಿವೆ, ಮತ್ತೊಂದು ಗುಡ್ಡ ಇರುತ್ತದೆ. ಮಾದರಿ ಮೂರನ್ನೂ ಸರಾಸರಿ ಮಾಡಿ ಒಂದೇ ಅಂಕಿ ಕೊಡುತ್ತದೆ.

ಯಾವ ಕಾಲದ ಮಳೆ ಅಂತ ಕೇಳಿಕೊಳ್ಳಿ

ನನ್ನ ಪ್ರಕಾರ ವಾರದ ವರದಿ ಓದುವಾಗ ಜನ ಹೆಚ್ಚು ತಪ್ಪುವುದು ಇಲ್ಲಿ. ವರ್ಷವಿಡೀ ಒಂದೇ ಥರ ಓದುತ್ತಾರೆ. ನಮ್ಮ ಸೀಮೆಗೆ ಮೂರು ಬಗೆಯ ಮಳೆ ಇದೆ, ಮೂರಕ್ಕೂ ಓದುವ ಬಗೆ ಬೇರೆ.

ಮಾರ್ಚ್‌ನಿಂದ ಮೇವರೆಗಿನದು ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದ ಮೋಡದ ಮಳೆ. ಮಧ್ಯಾಹ್ನದ ಮೇಲೆ ಕಟ್ಟಿ ಸಂಜೆಗೆ ಗುಡುಗಿ ಸುರಿಯುತ್ತದೆ. ಒಂದು ತೋಟಕ್ಕೆ ಒಂದೂವರೆ ಇಂಚು, ರಸ್ತೆಯಾಚೆ ತೋಟಕ್ಕೆ ಹತ್ತು ಸೆಂಟ್ಸ್. ಕಾಫಿಗೆ ಬೇಕಾದ ಹೂ ಮಳೆ ಇದೇ. ಹೂ ಚೆನ್ನಾಗಿ ಅರಳಲು ಒಂದು ಇಂಚಿನ ಮೇಲೆ ಬೇಕು. ಮಳೆಯಾಗಿ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅರ್ಧಂಬರ್ಧ ಮಳೆ ಬಿದ್ದರೆ ಮೊಗ್ಗು ಎಚ್ಚರಾಗಿ ಅರಳಲಾರದೆ ಕೆಡುತ್ತದೆ. ಹಾಗಾಗಿ ಈ ಕಾಲದಲ್ಲಿ "ಮಳೆ ಇದೆಯಾ" ಎಂದಷ್ಟೇ ಕೇಳಿದರೆ ಸಾಲದು, "ಇಂಚು ದಾಟುತ್ತದಾ" ಎಂದು ಕೇಳಬೇಕು. "ಒಂದೆರಡು ಕಡೆ ಹಗುರ ಮಳೆ" ಎಂದಿದ್ದರೆ ಅದನ್ನು ನೆಚ್ಚಬೇಡಿ. ರೋಬಸ್ಟಾ ಕಾಫಿ ಇದ್ದವರು ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಸಿದ್ಧ ಇಟ್ಟಿರಿ. ಬಿದ್ದ ಮಳೆ ಕಡಿಮೆಯಾದರೆ ಉಳಿದ ನೀರು ಕೂಡಲೇ ಕೊಡಬಹುದು. ಈ ಮಳೆಗೆ ಏಳು ದಿನದ ಮುನ್ಸೂಚನೆಗಿಂತ ಮುಂದಿನ ಮೂರು ಗಂಟೆಗೆ ಕೊಡುವ ತುರ್ತು ಮುನ್ಸೂಚನೆ ಹೆಚ್ಚು ಉಪಯೋಗ.

ಜೂನ್‌ನಿಂದ ಸೆಪ್ಟೆಂಬರ್‌ನದು ಗಾಳಿ ತಂದ ಮಳೆ. ಇದು ಗಂಟೆಗೊಂದು ಸಲ ಬದಲಾಗುವುದಿಲ್ಲ, ದಿನಗಟ್ಟಲೆ ಒಂದೇ ಲಯದಲ್ಲಿ ಇರುತ್ತದೆ. ಹಾಗಾಗಿ ನಾಲ್ಕೈದು ದಿನದ ಮುನ್ಸೂಚನೆಯನ್ನೂ ನೆಚ್ಚಬಹುದು. ವರದಿಯಲ್ಲಿ ಎರಡು ಮಾತು ಹುಡುಕಿ. ಒಂದು, ಪಶ್ಚಿಮ ಕರಾವಳಿಯುದ್ದಕ್ಕೂ ಟ್ರಫ್, ಅಂದರೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿ, ಇದೆ ಎಂಬುದು. ಎರಡು, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ. ಬಂಗಾಳಕೊಲ್ಲಿ ಎಲ್ಲಿ, ಮೂಡಿಗೆರೆ ಎಲ್ಲಿ ಅನಿಸಬಹುದು. ಅಲ್ಲಿ ಒತ್ತಡ ಕುಸಿದರೆ ಅರಬ್ಬಿ ಸಮುದ್ರದ ಗಾಳಿಯನ್ನು ಆ ಕಡೆ ಎಳೆಯುತ್ತದೆ. ಎಳೆದ ಗಾಳಿ ನಮ್ಮ ಘಟ್ಟ ದಾಟಿಯೇ ಹೋಗಬೇಕು. ಎರಡೂ ಒಟ್ಟಿಗೆ ಇದ್ದ ವಾರ ಜಡಿ ಮಳೆಗೆ ತಯಾರಾಗಿ.

ಅಕ್ಟೋಬರ್ ದಾಟಿದ ಮೇಲೆ ದಿಕ್ಕು ಬದಲಾಗುತ್ತದೆ. ಮಳೆ ಪೂರ್ವದಿಂದ, ಬಂಗಾಳಕೊಲ್ಲಿಯ ಚಂಡಮಾರುತಗಳ ಬಾಲ ಹಿಡಿದು ಬರುತ್ತದೆ. ಅರೇಬಿಕಾ ಕೊಯ್ಲಿನ ಕಾಲ ಇದೇ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಡಿಸೆಂಬರ್ ಮೊದಲ ದಿನಗಳಲ್ಲಿ ಕರ್ನಾಟಕದಲ್ಲೂ ಮಳೆ ಸುರಿಯಿತು. ಕೊಯ್ಲಿನ ತಿಂಗಳುಗಳಲ್ಲಿ ಚೆನ್ನೈ ಕಡೆಯ ಸುದ್ದಿ ನಮ್ಮ ಕಣದ ಸುದ್ದಿ ಅಂತಲೇ ತಿಳಿಯಿರಿ. ಚಂಡಮಾರುತದ ದಾರಿಯನ್ನು ಇಲಾಖೆ ದಿನಗಳ ಮುಂಚೆಯೇ ಹೇಳುತ್ತದೆ, ತಾರ್ಪಾಲು ಹೊಂದಿಸಲು ಸಮಯ ಸಿಗುತ್ತದೆ.

ಹಿರಿಯರು ಮಳೆ ನಕ್ಷತ್ರದ ಲೆಕ್ಕ ಹೇಳುತ್ತಾರೆ. "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಜೂನ್ ಮೂರನೇ ವಾರದ ಹೊತ್ತಿಗೆ ಆರಿದ್ರಾ, ಜುಲೈ ಮೊದಲಲ್ಲಿ ಪುನರ್ವಸು, ಆಮೇಲೆ ಪುಷ್ಯ, ಆಶ್ಲೇಷ. ಒಂದೊಂದೂ ಸುಮಾರು 14 ದಿನ. ತಲೆಮಾರುಗಳ ಅನುಭವ ಅದರಲ್ಲಿದೆ, ನಾಟಿ ಯಾವಾಗ, ಬಿತ್ತನೆ ಯಾವಾಗ ಎಂದು ವರ್ಷದ ಕೆಲಸ ಜೋಡಿಸಲು ಈಗಲೂ ಒಳ್ಳೆಯದು. ಬರುವ ಗುರುವಾರ ಹೇಗೆ ಎಂಬುದಕ್ಕೆ ಮಾತ್ರ ಮುನ್ಸೂಚನೆಯನ್ನೇ ನೋಡಿ.

ಮನೆಯಲ್ಲೊಂದು ಮಳೆ ಅಳತೆ ಇಡಿ

ತೋಟದವರ ಮನೆಯಲ್ಲಿ ಇದ್ದೇ ಇರುತ್ತದೆ. ಪೇಟೆಯವರೂ ಇಟ್ಟುಕೊಳ್ಳಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ, ತಳ ಸಮನಾಗಿರುವ ಡಬ್ಬ ಅಥವಾ ಗಾಜಿನ ಜಾಡಿ ಸಾಕು. ಅಂಗಳದಲ್ಲಿ ಬಯಲಾಗಿರುವ ಜಾಗ ಆರಿಸಿ. ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟು ದೂರ ಇರಲಿ. ಇಲ್ಲದಿದ್ದರೆ ಗಾಳಿ ಮಳೆಯಲ್ಲಿ ಮರ ಮರೆಯಾಗಿ ಅಳತೆ ಕಡಿಮೆ ಬರುತ್ತದೆ, ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕಿ ಜಾಸ್ತಿ ಬರುತ್ತದೆ. ಬಾಯಿ ನೆಲದಿಂದ ಒಂದಡಿ ಮೇಲಿರಲಿ, ನೆಲದ ನೀರು ಸಿಡಿಯಬಾರದು. ಗಾಳಿಗೆ ಉರುಳದಂತೆ ಸುತ್ತ ಕಲ್ಲು ಕೊಡಿ.

ಬೆಳಿಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ನೋಡಿ. ಒಂದು ಸೆಂಟಿಮೀಟರ್ ನೀರಿದ್ದರೆ 10 ಮಿಲಿಮೀಟರ್ ಮಳೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಪಕ್ಕದಲ್ಲಿ ಹಿಂದಿನ ದಿನದ ಬಣ್ಣವನ್ನೂ ಬರೆಯಿರಿ. ಒಂದು ಮಳೆಗಾಲ ಹೀಗೆ ಬರೆದರೆ "ಜಿಲ್ಲೆಗೆ ಹಳದಿ ಇದ್ದ ದಿನ ನಮ್ಮಲ್ಲಿ ಇಷ್ಟು ಬೀಳುತ್ತೆ" ಎಂಬುದು ಎದ್ದು ಕಾಣುತ್ತದೆ. ನಮ್ಮೂರಿನ ಹವಾಮಾನ ವರದಿ ಎಂದರೆ ಇದೇ. ಬೇರೆ ಯಾರೂ ಇದನ್ನು ನಮಗೆ ಮಾಡಿಕೊಡುವುದಿಲ್ಲ.

ಭಾನುವಾರ ಸಂಜೆ ವಾರವನ್ನು ಮೂರು ಪಾಲು ಮಾಡಿ

ಸೋಮವಾರ, ಮಂಗಳವಾರದ ಮುನ್ಸೂಚನೆ ಗಟ್ಟಿ ಎಂದು ಹಿಡಿಯಿರಿ. ಕೆಲಸದವರಿಗೆ ಹೇಳುವುದಿದ್ದರೆ ಅದರ ಮೇಲೆ ಹೇಳಿ. ಬುಧವಾರದಿಂದ ಶುಕ್ರವಾರದ್ದು ಅಂದಾಜು, ಮಂಗಳವಾರ ಸಂಜೆ ಮತ್ತೆ ನೋಡಿ. ಶನಿವಾರ, ಭಾನುವಾರದ್ದು ಬರೀ ಒಲವು, ಮಳೆ ಏರುತ್ತಿದೆಯಾ ಹೊಳವಾಗುತ್ತಿದೆಯಾ ಎಂದು ತಿಳಿಯಲು ಮಾತ್ರ. ಮುಂದಿನ ಭಾನುವಾರದ ಗೃಹಪ್ರವೇಶಕ್ಕೆ ಈಗಲೇ ಶಾಮಿಯಾನ ಬೇಡ ಎಂದು ಈ ವರದಿ ನೋಡಿ ತೀರ್ಮಾನಿಸಬಾರದು.

ಕಾಫಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ) ಒಣಗಲು ಒಳ್ಳೆಯ ಬಿಸಿಲಿದ್ದರೂ ವಾರ, ಹತ್ತು ದಿನ ಬೇಕು. ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಿಗೆ, ಎರಡು ವಾರದ ಹತ್ತಿರ. ಅಷ್ಟು ದಿನಕ್ಕೆ ನೆಚ್ಚಬಹುದಾದ ಮುನ್ಸೂಚನೆ ಯಾರೂ ಕೊಡಲಾರರು. ಹಾಗಾಗಿ ನೋಡಬೇಕಾದ್ದು ಮೊದಲ ಮೂರು ದಿನ. ಶುರುವಿನಲ್ಲೇ ನೆನೆದರೆ ಪಾರ್ಚ್‌ಮೆಂಟ್ ಕೆಡುತ್ತದೆ. ಮೊದಲ ಮೂರು ದಿನದಲ್ಲಿ "ಹಲವು ಕಡೆ ಮಳೆ" ಎಂದಿದ್ದರೆ ಹಣ್ಣು ಗಿಡದಲ್ಲೇ ಎರಡು ದಿನ ಇರಲಿ.

ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ದಿನವಿಡೀ ಬಿಸಿಲು ಬೇಕಿಲ್ಲ. ಔಷಧಿ ಗೊನೆಗೆ ಅಂಟಿ ಒಣಗುವಷ್ಟು ಹೊತ್ತು ಹೊಳವು ಬೇಕು. ಮೊದಲ ಸುತ್ತು ಮುಂಗಾರು ಜೋರಾಗುವ ಮುಂಚೆ, ಎರಡನೆಯದು 40ರಿಂದ 45 ದಿನಕ್ಕೆ. ಎರಡನೇ ಸುತ್ತು ಜುಲೈ ಮಳೆಯ ನಡುವೆಯೇ ಬೀಳುತ್ತದೆ. ಆದ್ದರಿಂದ ಅವಧಿಗೆ ಒಂದು ವಾರ ಮುಂಚೆಯೇ ಮೈಲುತುತ್ತ, ಸುಣ್ಣ ತಂದಿಟ್ಟು, ಮರ ಹತ್ತುವವರಿಗೆ ಹೇಳಿಟ್ಟು, ಹೊಳವಾದ ದಿನ ಕಾಯಿರಿ. ಗೊಬ್ಬರ ಮಾತ್ರ ಭಾರಿ ಮಳೆಯ ಮುನ್ಸೂಚನೆ ಇದ್ದಾಗ ಹಾಕಲೇಬೇಡಿ, ಹಳ್ಳಕ್ಕೆ ಹೋಗುತ್ತದೆ.

ಸಿಡಿಲಿನ ದಿನಕ್ಕೆ ದಾಮಿನಿ ನೋಡಿ. ಫೋನಿಲ್ಲದಿದ್ದರೆ ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಕೇಳಿಸಿದರೆ ತೋಟದಿಂದ ಎಲ್ಲರನ್ನೂ ಒಳಗೆ ಕರೆಯಿರಿ, ಸಿಲ್ವರ್ ಮರದ ಬುಡದಲ್ಲಿ ನಿಲ್ಲಲು ಬಿಡಬೇಡಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯಲಿ.

ಮಳೆಯನ್ನು ಕೂಡುತ್ತಾ ಹೋಗಿ

ಇದನ್ನು ಓದುವ ಪ್ರತಿಯೊಬ್ಬರೂ ದಯವಿಟ್ಟು ಗಮನ ಕೊಡಬೇಕು. ಗುಡ್ಡ ಜಾರುವುದು ಒಂದು ದಿನದ ಮಳೆಗಿಂತ ಹೆಚ್ಚಾಗಿ ನಾಲ್ಕೈದು ದಿನ ಕೂಡಿ ಬಂದ ಮಳೆಯಿಂದ. ಮಣ್ಣು ಕುಡಿಯುವಷ್ಟು ಕುಡಿದ ಮೇಲೆ ಬೀಳುವ ಮಳೆ ಅಪಾಯ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದದ್ದು, 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಲು ಬಳಿ ಶಿರಾಡಿ ರಸ್ತೆಗೆ ಮಣ್ಣು ಜಾರಿದ್ದು, ಎರಡೂ ಬಿಡದೆ ಸುರಿದ ಮಳೆಯಲ್ಲೇ.

ನಿಮ್ಮ ಕ್ಯಾಲೆಂಡರಿನ ಕಳೆದ ಐದು ಚೌಕ ಕೂಡಿ ನೋಡಿ. ಅದು ಆಗಲೇ ನಿಮ್ಮೂರಿಗೆ ಜಾಸ್ತಿ ಇದ್ದು, ಮುಂದೆ ಇನ್ನೆರಡು ದಿನ ಆರೆಂಜ್ ಇದ್ದರೆ ಅದನ್ನು ರೆಡ್ ಎಂದೇ ತಿಳಿಯಿರಿ. ಮನೆ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರವೋ ಕಂಬವೋ ವಾಲಿದರೆ, ತಿಳಿಯಾಗಿ ಬರುತ್ತಿದ್ದ ಜಲದಲ್ಲಿ ಏಕಾಏಕಿ ಕೆಸರು ಬಂದರೆ ರಾತ್ರಿಯಾಗುವವರೆಗೆ ಕಾಯಬೇಡಿ. ಅಜ್ಜಿ, ಮಕ್ಕಳನ್ನು ಮೊದಲು ನೆಂಟರ ಮನೆಗೆ ಕಳಿಸಿ. ಪಂಚಾಯಿತಿಗೆ ತಿಳಿಸಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ. ಕರೆಂಟ್ ತಂತಿ ಬಿದ್ದಿದ್ದರೆ 1912.

ಘಾಟಿ ದಾಟುವವರು ಮೂರು ಕಡೆಯ ಮಳೆ ನೋಡಿ: ಮೂಡಿಗೆರೆಯದು, ಕೊಟ್ಟಿಗೆಹಾರದ್ದು, ಕೆಳಗೆ ಬೆಳ್ತಂಗಡಿಯದು. ಹೊರಡುವ ಮುಂಚೆ ಕೊಟ್ಟಿಗೆಹಾರದಲ್ಲಿ ಪರಿಚಯದವರು ಯಾರಾದರೂ ಇದ್ದರೆ ರಸ್ತೆ ಹೇಗಿದೆ ಅಂತ ಒಂದು ಮಾತು ಕೇಳಿ. ಆಸ್ಪತ್ರೆಯ ದಿನ ಮುಂದೂಡಲಾಗದಿದ್ದರೆ ಬೆಳಕಿರುವಾಗಲೇ ಘಾಟಿ ಇಳಿಯುವಂತೆ ಹೊರಡಿ. ಅದೇ ಸಂಜೆ ವಾಪಸ್ ಬರುವ ಬದಲು ಉಜಿರೆಯಲ್ಲೋ ಬೆಳ್ತಂಗಡಿಯಲ್ಲೋ ಉಳಿಯಲು ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.